ಸಮುದ್ರದಾಚೆಯ ಮುಯ್ಯಿ

ಆವತ್ತು ಸಂಜೆ ನಮ್ಮನೆ ಕಟ್ಟೆ ಮೇಲೆ ಇದ್ದವರು ಐದು ಜನ. ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತ ನಮ್ಮತ್ತೆ. ಅವರ ಎದುರಿಗೆ ನನ್ನ ಯಜಮಾನರು. ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದವರು, ಮೂರು ತಿಂಗಳಿಂದ ಮನೆಯಲ್ಲೇ ಇದ್ದರು. ಪಕ್ಕದ ಬೀದಿಯ ಇಂಗ್ಲಿಷ್ ಮೇಷ್ಟ್ರು, ಕೊಡೆಯನ್ನು ತೊಡೆ ಮೇಲಿಟ್ಟುಕೊಂಡು. ಬಾಗಿಲಿಗೆ ಒರಗಿ, ಅರ್ಧ ಒಳಗೆ ಅರ್ಧ ಹೊರಗೆ, ನಾನು. ಐದನೆಯವನು ನಾರ್ವೆ ದೇಶದವನು, ಇಪ್ಪತ್ತೈದರ ಆಸುಪಾಸು. ನಮ್ಮ ಕಟ್ಟೆ ಅವನ ಅಳತೆಗೆ ಕಟ್ಟಿದ್ದಲ್ಲ. ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು.

ಐದು ಜನ ಅಂದೆ. ಲೆಕ್ಕಕ್ಕೆ ಸಿಗದವರು ಇನ್ನೂ ಇದ್ದರು. ಬೀದಿಯುದ್ದಕ್ಕೂ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಆರಿಸೋಕೆ ಅಕ್ಕಿ ಯಾರ ಮನೆಯಲ್ಲಿತ್ತು ಆಗ? ಬರಿ ಮೊರ ಹಿಡಿದು ಕೂತಿದ್ದರು, ಕಿವಿ ಮಾತ್ರ ನಮ್ಮ ಕಟ್ಟೆ ಮೇಲೆ. ನಮ್ಮತ್ತೆ ಹೂಂ ಅಂದರೆ ಮಾರನೆ ದಿನ ಅವರೆಲ್ಲ ಲಾರಿ ಹತ್ತುವವರು. ಊಹೂಂ ಅಂದರೆ ಆ ಲಾರಿ ಅದರ ಗೋಧಿಯ ಸಮೇತ ಇನ್ಯಾವುದೋ ಜಿಲ್ಲೆಗೆ ಹೋಗುವುದಿತ್ತು.

ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು. ಅರವತ್ತರ ದಶಕ ಅರ್ಧ ದಾಟಿದ ಕಾಲ. ದಾವಣಗೆರೆ ಅಂದರೆ ಗಿರಣಿಗಳ ಊರು. ಸೈರನ್ ಕೇಳಿ ಒಲೆ ಹಚ್ಚುತ್ತಿದ್ದೆವು, ಸೈರನ್ ಕೇಳಿ ಬುತ್ತಿ ಕಟ್ಟುತ್ತಿದ್ದೆವು. ದಿನಕ್ಕೆ ಮೂರು ಪಾಳಿ. ಒಂದು ವರ್ಷ ಏನಾಯಿತೋ, ಬಟ್ಟೆ ಕೊಳ್ಳುವವರೇ ಇಲ್ಲದಂತಾಯಿತು. ನೇಯ್ದ ಥಾನುಗಳು ಗೋದಾಮಿನ ಸೂರು ಮುಟ್ಟಿದವು ಅಂತ ನೋಡಿ ಬಂದವರು ಹೇಳುತ್ತಿದ್ದರು. ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು, ಆಮೇಲೆ ಸೈರನ್ನೇ ನಿಂತಿತು. ಅತ್ತ ಹರಿಹರದಲ್ಲೂ ಅದೇ ಕಥೆ. ಯಂತ್ರ ಕೊಳ್ಳುವವರಿಲ್ಲ, ಹಾಗಾಗಿ ಯಂತ್ರ ಮಾಡುವ ಯಂತ್ರಕ್ಕೂ ಕೆಲಸವಿಲ್ಲ. ಪೇಪರಿನವರು ಅದಕ್ಕೆ ಆರ್ಥಿಕ ಹಿಂಜರಿತ ಅಂತ ಹೆಸರಿಟ್ಟರು. ನಮ್ಮ ಬೀದಿಯಲ್ಲಿ ಅದಕ್ಕೆ ಲೇಆಫ್ ಅಂತಲೇ ಹೆಸರು.

ನಮ್ಮತ್ತೆ ಗಿರಣಿಯ ರೀಲಿಂಗ್ ಖಾತೆಯಲ್ಲಿ ಹದಿನೆಂಟು ವರ್ಷ ದುಡಿದವರು. ರೀಲಿಂಗ್ ಅಂದರೆ ನೂಲನ್ನು ಉದ್ದುದ್ದ ಕಟ್ಟಾಗಿ, ಅಂದರೆ ಲಡಿಯಾಗಿ, ಸುತ್ತುವ ಕೆಲಸ. ಆ ಖಾತೆ ತುಂಬ ಹೆಂಗಸರೇ. ಅಲ್ಲಿ ಖಾಯಂ ಅಂತ ಒಂದು ಜಾತಿ, ಬದಲಿ ಅಂತ ಒಂದು ಜಾತಿ. ಖಾಯಂ ಇದ್ದವಳು ಹೆರಿಗೆಗೋ ಹಬ್ಬಕ್ಕೋ ಹೋದರೆ ಆ ದಿನ ಅವಳ ಜಾಗದಲ್ಲಿ ಕೂತು ಕೆಲಸ ಮಾಡುವವಳು ಬದಲಿ. ಅತ್ತೆ ಖಾಯಂ, ಮದುವೆಯಾಗಿ ಬಂದು ಅದೇ ಖಾತೆ ಸೇರಿದ ನಾನೂ ಖಾಯಂ. ಅತ್ತೆ ಹೆಸರಿಗೆ ಬರಿ ಕೆಲಸದವಳು. ಆದರೆ ಅವರ ಮಾತು ಆ ಖಾತೆಯಲ್ಲಿ ಕೆಲಸ ಹಂಚುವ ಜಾಬರನ ಮಾತಿಗಿಂತ ಒಂದು ಗುಲಗಂಜಿ ಹೆಚ್ಚೇ ತೂಗುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಒಂದು ಜೀಪು ಮೈಕು ಕಟ್ಟಿಕೊಂಡು ಬಂತು. ಕೆಲಸ ಕಳೆದುಕೊಂಡವರಿಗೆ ಕೆಲಸ ಕೊಡುವುದಕ್ಕೆ ಹಲವು ದೇಶಗಳು ನಮ್ಮ ಸರ್ಕಾರದ ಜೊತೆ ಕೈಜೋಡಿಸಿವೆ. ಒಂದು ದೇಶದಿಂದ ಗೋಧಿ, ಇನ್ನೊಂದರಿಂದ ಹಾಲಿನ ಪುಡಿ, ಮತ್ತೊಂದರಿಂದ ನೀರೆತ್ತುವ ಡೀಸೆಲ್ ಪಂಪು. ಜೊತೆಗೆ ನಾಲ್ಕು ದೇಶದ ಹುಡುಗ ಹುಡುಗಿಯರು ತಾವೇ ಬಂದು, ಕೊಂಡಜ್ಜಿಯ ಬಯಲಲ್ಲಿ ಡೇರೆ ಹಾಕಿಕೊಂಡು, ನಮ್ಮ ಜೊತೆ ಮಣ್ಣು ಹೊರುತ್ತಾರೆ. ಕೆಲಸ ಏನಪ್ಪಾ ಅಂದರೆ ಕೊಂಡಜ್ಜಿ ದಾರಿಯ ಒಂದು ಸಣ್ಣ ಕೆರೆ. ಅದರ ಏರಿ ಒಡೆದು ಎಷ್ಟೋ ವರ್ಷವಾಗಿತ್ತು. ಜೂನಿನ ಮಿರಗದ ಮಳೆ ಹಿಡಿಯುವುದರೊಳಗೆ ಆ ಏರಿ ಕಟ್ಟಬೇಕು. ದುಡಿದವರಿಗೆ ಗೋಧಿ. ಭಾನುವಾರದೊಳಗೆ ನೂರು ಜನ ಹೆಸರು ಬರೆಸಿದರೆ ಮಾತ್ರ, ಇಲ್ಲದಿದ್ದರೆ ಶಿಬಿರ ಬೇರೆ ಕಡೆಗೆ.

ಅರವತ್ತು ಜನ ಬರೆಸಿದರು. ರೀಲಿಂಗ್ ಖಾತೆಯ ನಲವತ್ತು ಖಾಯಂ ಹೆಂಗಸರು ನಮ್ಮತ್ತೆಯ ಮುಖ ನೋಡುತ್ತ ಉಳಿದರು. ನಮ್ಮತ್ತೆ ಬರೆಸಲಿಲ್ಲ.

ಮನೆಯಲ್ಲಿ ಜೋಳದ ಗುಡಾಣದ ತಳ ಕಾಣುತ್ತಿತ್ತು. ಬಟ್ಟಲು ಹಾಕಿದರೆ ಕೆರೆಯುವ ಸದ್ದು ಬರುತ್ತಿತ್ತು. ಅತ್ತೆ ನಮಗೆಲ್ಲ ಬಡಿಸಿ, ತಾವು ಒಂದು ಹಿಡಿ ಮಂಡಕ್ಕಿಗೆ ನೀರು ಚಿಮುಕಿಸಿ ತಿಂದು, ಹೊಟ್ಟೆ ಭಾರ ಆಯ್ತು ಅನ್ನುತ್ತಿದ್ದರು. ಇಷ್ಟಾದರೂ ಬರೆಸಲಿಲ್ಲ ಯಾಕೆ ಅಂದರೆ, ಅದು ಅವರ ಹುಟ್ಟು ಗುಣ. ಪಕ್ಕದ ಮನೆಯಿಂದ ಒಂದು ಬಟ್ಟಲು ಸಾರು ಬಂದರೆ ಬಟ್ಟಲನ್ನು ಬರಿದಾಗಿ ವಾಪಸ್ ಕಳಿಸಿದವರಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಉಪ್ಪಾದರೂ ಹಾಕಿ ಕಳಿಸಬೇಕು. ಅವರು ಬೆಳೆದ ಹಳ್ಳಿಯಲ್ಲಿ ಬೇಸಾಯ ನಡೆಯುತ್ತಿದ್ದದ್ದೇ ಮುಯ್ಯಾಳಿನ ಮೇಲೆ. ಇವತ್ತು ನಿಮ್ಮ ಮನೆಯ ನಾಲ್ಕು ಆಳು ನಮ್ಮ ಹೊಲಕ್ಕೆ ಬಂದು ಕಳೆ ತೆಗೆದರೆ, ಇನ್ನೊಂದು ದಿನ ನಮ್ಮ ಮನೆಯ ನಾಲ್ಕು ಆಳು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ, ಮಧ್ಯಾಹ್ನದ ಊಟ ಅಷ್ಟೆ. ಮುಯ್ಯಿ ತೀರಿಸದವರ ಮನೆಯ ಮದುವೆಗೆ ಜನ ಹೋಗುತ್ತಿರಲಿಲ್ಲವಂತೆ.

ಹೀಗೆ ನೂರಕ್ಕೆ ನಲವತ್ತು ಕಡಿಮೆ ಬಿದ್ದದ್ದಕ್ಕೇ ಆವತ್ತು ಮೇಷ್ಟ್ರು ಆ ನಾರ್ವೆಯವನನ್ನು ನಮ್ಮ ಕಟ್ಟೆಗೆ ಕರೆದುಕೊಂಡು ಬಂದದ್ದು. ಶಿಬಿರಕ್ಕೆ ಅವನೇ ಹಿರಿಯ.

"ಅಮ್ಮಾ, ಯಾಕ ಒಲ್ಲೆ ಅಂತೀರಿ ಅಂತ ಕೇಳ್ತಿದಾನೆ," ಅಂದರು ಮೇಷ್ಟ್ರು. "ಇದು ದಾನ ಅಲ್ಲ. ದುಡಿಮೆಗೆ ಗೋಧಿ."

"ಗೋಧಿ ಮಾತು ಬಿಡ್ರಿ. ನಾನು ಮಣ್ಣು ಹೊತ್ತೆ, ಗೋಧಿ ಇಸಕಂಡೆ, ಅಲ್ಲಿಗೆ ಅದು ತೀರ್ತು. ನಮ್ಮ ಕೆರಿಗೆ ಇವರ ಆಳು ಯಾಕ ಬರ್ತಾವೆ? ಇವರಿಗೇನು ಆ ಕೆರೆ ಕೆಳಗೆ ಗದ್ದೆ ಐತೇನು?"

"ಇಲ್ಲ."

"ಕೂಲಿ ಐತೇನು?"

"ಅದೂ ಇಲ್ಲ. ಸುಮ್ಮನೆ ಬರ್ತಾರೆ."

"ಸುಮ್ಮನೆ ಬರೋದು ಅಂತ ಒಂದು ಐತೇನ್ರಿ ಲೋಕದಾಗ? ಬಂದ್ರೆ ಅದು ಮುಯ್ಯಿ. ನಾನು ಇವರ ಊರು ಎಲ್ಲೈತೆ ಅಂತ ಹುಡುಕಲಿ, ಯಾವತ್ತು ತೀರಸಲಿ?"

ಯಜಮಾನರು ತಲೆ ಕೆರೆದುಕೊಂಡರು. "ಅವ್ವಾ, ಅದು ಆ ಥರ ಅಲ್ಲ."

"ನೀನು ಸುಮ್ಕಿರು. ಮೇಷ್ಟ್ರೇ, ಆ ತಮ್ಮನ್ನ ಕೇಳ್ರಿ. ಅವನ ಅಪ್ಪ ಏನು ಮಾಡ್ತಾನೆ?"

ಮೇಷ್ಟ್ರು ಕೇಳಿದರು. ಅಪ್ಪ ರೈತ, ಹಸು ಸಾಕಿದಾನೆ. ಬೇಸಿಗೆ ಅವರಿಗೆ ಬಹಳ ಚಿಕ್ಕದು. ಅಷ್ಟರಲ್ಲೇ ಚಳಿಗಾಲಕ್ಕೆ ಬೇಕಾಗುವಷ್ಟು ಹುಲ್ಲು ಕೊಯ್ದು ಒಣಗಿಸಬೇಕು. ಅದೂ ನೆಲದ ಮೇಲಲ್ಲ; ಗೂಟ ನೆಟ್ಟು, ಸಾಲುಸಾಲು ತಂತಿ ಎಳೆದು, ಅದರ ಮೇಲೆ ಹುಲ್ಲು ನೇತು ಹಾಕುತ್ತಾರೆ.

"ಲಡಿ ಒಣಹಾಕಿದಂಗೆ," ಅಂದೆ ನಾನು ಬಾಗಿಲಿನಿಂದ. ಅತ್ತೆ ನನ್ನ ಕಡೆ ತಿರುಗಿ, ಪರವಾಗಿಲ್ಲ ಅನ್ನುವ ಹಾಗೆ ನೋಡಿದರು. ಅದು ಅವರು ನನಗೆ ಕೊಟ್ಟ ದೊಡ್ಡ ಬಿರುದುಗಳಲ್ಲಿ ಒಂದು.

"ಅದನ್ನ ಅಪ್ಪ ಮಗ ಇಬ್ಬರೇ ಮಾಡ್ತಾರೇನು?"

ಇಲ್ಲವಂತೆ. ಸುತ್ತಲ ಮನೆಯವರೆಲ್ಲ ಒಂದು ದಿನ ಬರುತ್ತಾರಂತೆ. ಇವರೂ ಅವರ ಮನೆಗೆ ಹೋಗುತ್ತಾರಂತೆ. ಕೂಲಿ ಇಲ್ಲವಂತೆ. ಊಟ ಹಾಕುತ್ತಾರಂತೆ.

ಅತ್ತೆ ಚಾಚಿದ ಕಾಲು ಮಡಚಿದರು. "ಅಂದ್ರೆ ಮುಯ್ಯಾಳು. ಅವರಲ್ಲೂ ಐತೆ ಅನ್ರಿ ಮತ್ತೆ. ಎಷ್ಟು ಆಳು ಬೇಕಾಗ್ತಾವೆ, ಕೇಳ್ರಿ."

ಅವನು ಬೆರಳು ಮಡಚಿ ಎಣಿಸಿದ. ಹನ್ನೆರಡು ಜನ, ಒಂದು ದಿನ.

"ಆ ಹನ್ನೆರಡು ಆಳು ನಮ್ಮವು ಅಂತ ಹೇಳ್ರಿ."

ಮೇಷ್ಟ್ರು ಹೇಳಿದರು. ಅವನು ನಕ್ಕ. ಆಮೇಲೆ ಕಟ್ಟೆ ಮೇಲೆ ತಾನೊಬ್ಬನೇ ನಗುತ್ತಿದ್ದೇನೆ ಅಂತ ಗೊತ್ತಾಗಿ ನಗು ನಿಲ್ಲಿಸಿದ.

"ಅಮ್ಮಾ, ಅದು ಸಮುದ್ರದಾಚೆ," ಅಂದರು ಮೇಷ್ಟ್ರು ಮೆಲ್ಲಗೆ.

"ಅವನಿಗೆ ಅಡ್ಡ ಬರದ ಸಮುದ್ರ ನಮಗ್ಯಾಕ ಅಡ್ಡ ಬರ್ತೈತೆ? ಇವರನ್ನ ಇಲ್ಲಿಗೆ ಕಳಿಸಿದವರು ನಮ್ಮನ್ನ ಅಲ್ಲಿಗೆ ಕಳಿಸಂಗಿಲ್ಲೇನು?"

ಮೇಷ್ಟ್ರು ಆ ಮಾತನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದರು. ನಾರ್ವೆಯವನು ನಮ್ಮತ್ತೆಯನ್ನು ನೋಡಿ, ಆಗಲಿ ಅಂತ ತಲೆಯಾಡಿಸಿದ. ಮುಯ್ಯಾಳು ಗೊತ್ತು ಮಾಡಿದರೆ ಎಲೆ ಅಡಿಕೆ ಕೊಡುವುದು ವಾಡಿಕೆ. ಅತ್ತೆ ಸಂಚಿ ಬಿಚ್ಚಿ ಒಂದು ಎಲೆ, ಒಂದು ಅಡಿಕೆ ಚೂರು ಕೊಟ್ಟರು. ಅವನಿಗೆ ಅದನ್ನು ಏನು ಮಾಡಬೇಕೋ ತಿಳಿಯದೆ, ಮಡಿಸಿ ಅಂಗಿ ಜೇಬಿನಲ್ಲಿಟ್ಟುಕೊಂಡ.

"ತಿನ್ನಬೇಕು," ಅಂದರು ಮೇಷ್ಟ್ರು.

"ಇರಲಿ ಬಿಡ್ರಿ. ಜೇಬಿನಾಗ ಇದ್ರೂ ಮಾತು ಮಾತೇ," ಅಂದರು ಅತ್ತೆ. ಬೀದಿಯಲ್ಲಿ ಒಂದೊಂದೇ ಮೊರ ಒಳಗೆ ಹೋದವು.

ಮಾರನೆ ಬೆಳಗ್ಗೆ ನೂರಾ ಎರಡು ಜನ ಲಾರಿಗಳನ್ನು ಹತ್ತಿದೆವು.

ಕೆರೆಯ ಹತ್ತಿರ ನಮ್ಮನ್ನು ನೋಡಿ ಆ ಕಡೆಯ ಹಳ್ಳಿಯವರು ನಕ್ಕರು. ಮಣ್ಣಿನ ಕೆಲಸ ಅವರ ಮೈಗೆ ಹತ್ತಿದ್ದು. ನಮ್ಮ ಕೈ ನೂಲು ಹಿಡಿದ ಕೈ. ಒಬ್ಬ ಅಜ್ಜ ಗುದ್ದಲಿಗೆ ಗದ್ದ ಊರಿ, "ನೂಲಿನೋರು ಬಂದ್ರಪ್ಪೋ. ಮಣ್ಣಿನ ಲಡಿ ಸುತ್ತುತಾರೆ ನೋಡ್ರಿ," ಅಂದ.

"ಸುತ್ತುತೀವಿ ಕಣಜ್ಜ. ಒಂದು ಗಂಟೂ ಬೀಳದಂಗೆ ಸುತ್ತುತೀವಿ. ನೀನು ಅಲ್ಲೇ ನಿಂತು ನೋಡು, ಗುದ್ದಲಿ ಮೇಲೆ ನಿದ್ದೆ ಮಾಡಬ್ಯಾಡ," ಅಂದರು ಅತ್ತೆ.

ಮೊದಲ ಎರಡು ದಿನ ಗಂಟು ಬಿದ್ದದ್ದೇ. ಅಂಗೈ ತುಂಬ ಬೊಕ್ಕೆ. ಹಗ್ಗದ ಮಂಚದ ಮೇಲೆ ಮಲಗಿದರೆ ಯಾವ ಮೂಳೆ ಎಲ್ಲಿದೆ ಅಂತ ಎಣಿಸಬಹುದಿತ್ತು. ಎಲ್ಲರೂ ಬುಟ್ಟಿ ತುಂಬಿಕೊಂಡು ಏರಿಯವರೆಗೆ ನಡೆಯುವುದು, ಸುರಿಯುವುದು, ಬರಿ ಬುಟ್ಟಿ ಹಿಡಿದು ವಾಪಸ್ ನಡೆಯುವುದು. ಮೂರನೆ ದಿನ ಅತ್ತೆ ಬುಟ್ಟಿ ಕೆಳಗಿಟ್ಟು ಸೊಂಟಕ್ಕೆ ಕೈಯಿಟ್ಟರು. "ಗಿರಣಿಯಾಗ ಯಾವಳಾದ್ರೂ ಒಂದೊಂದೇ ಲಡಿ ಹಿಡ್ಕಂಡು ಗೋದಾಮಿಗೆ ನಡೀತಾಳೇನು? ಕೈ ಓಡಾಡಬೇಕು, ಕಾಲು ಅಲ್ಲೇ ಇರಬೇಕು."

ಅಲ್ಲಿಂದ ಕೆಲಸ ಗಿರಣಿಯಾಯಿತು. ಅಗೆಯುವ ಜಾಗದಿಂದ ಏರಿಯವರೆಗೆ ಎರಡು ಸಾಲು ನಿಂತೆವು. ಒಂದು ಸಾಲಿನಲ್ಲಿ ತುಂಬಿದ ಬುಟ್ಟಿ ಕೈಯಿಂದ ಕೈಗೆ ಮೇಲೆ ಹೋಗುವುದು, ಇನ್ನೊಂದರಲ್ಲಿ ಬರಿ ಬುಟ್ಟಿ ಕೆಳಗೆ ಬರುವುದು. ನಡುನಡುವೆ ಹೊರದೇಶದವರು. ಬುಟ್ಟಿ ಎಣಿಸುವಾಗ ಒಬ್ಬಳು ಒಂದು ಅಂದರೆ, ಅವಳ ಪಕ್ಕದವನು ಅವನ ಭಾಷೆಯಲ್ಲಿ ಎರಡು ಅನ್ನುವನು, ಆಚೆಯವಳು ಇನ್ನೊಂದು ಭಾಷೆಯಲ್ಲಿ ಮೂರು. ಹತ್ತರ ತನಕ ಹೀಗೇ ಹೋಗಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಬಿಸಿಲಲ್ಲಿ ದುಡಿಯುವುದು ದಡ್ಡತನ ಅಂತ ಅತ್ತೆ ದಿನವನ್ನು ಎರಡು ಪಾಳಿ ಮಾಡಿದರು: ನಸುಕಿನಿಂದ ಹತ್ತರವರೆಗೆ ಒಂದು, ನಾಲ್ಕರಿಂದ ಹೊತ್ತು ಮುಳುಗುವವರೆಗೆ ಇನ್ನೊಂದು. ಸೈರನ್ ಬದಲಿಗೆ ಮರಕ್ಕೆ ತೂಗುಹಾಕಿದ ಕಬ್ಬಿಣದ ಕಂಬಿ ತುಂಡು. ಅದನ್ನು ಬಡಿಯುವ ಕೆಲಸ ನನ್ನದು. ಒಂಬತ್ತರಿಂದ ಐದು ಅಂತ ಆಫೀಸಿನ ಹೊತ್ತು ಹಿಡಿದು ಕೂತಿದ್ದ, ಸರ್ಕಾರದ ಕಡೆಯಿಂದ ಕೆಲಸ ನೋಡಿಕೊಳ್ಳುವ ಸಾಹೇಬರು ವಾರದ ಕೊನೆಗೆ ಟೇಪು ಹಿಡಿದು ಮಣ್ಣು ಅಳೆಸಿ, ಎರಡು ಸಲ ಅಳೆಸಿ, ಆಮೇಲೆ ಹೊತ್ತಿನ ಮಾತು ಎತ್ತಲಿಲ್ಲ. ಗುದ್ದಲಿ ಅಜ್ಜನೂ ಬಂದು ನಮ್ಮ ಸಾಲಿನಲ್ಲಿ ನಿಂತ.

ಗೋಧಿಯ ಸಂಗತಿ ಒಂದು ಹೇಳಬೇಕು. ನಾವು ಜೋಳದ ರೊಟ್ಟಿಯವರು. ಗೋಧಿ ಅಂದರೆ ನಮಗೆ ಹಬ್ಬದ ಹುಗ್ಗಿ. ಈಗ ಮೂರು ಹೊತ್ತೂ ಗೋಧಿ. ನುಚ್ಚು ಮಾಡಿ, ಮುದ್ದೆ ಕಟ್ಟಿ, ಗಂಜಿ ಕಾಸಿ. ಬೀದಿಯ ಮಕ್ಕಳು ಮೊದಲು ಇವತ್ತು ಯಾವ ಹಬ್ಬ ಅಂತ ಕೇಳುತ್ತಿದ್ದವು, ಆಮೇಲೆ ಕೇಳುವುದನ್ನೇ ಬಿಟ್ಟವು. ಅತ್ತೆ ಎಲ್ಲರ ಜೊತೆ ಕೂತು ತಟ್ಟೆ ತುಂಬ ಉಂಡರು. ಮಂಡಕ್ಕಿಗೆ ನೀರು ಚಿಮುಕಿಸುವುದು ನಿಂತಿತು.

ನಮ್ಮ ಯಜಮಾನರಿಗೂ ಅಲ್ಲಿ ಜೀವ ಬಂತು. ಹೊರದೇಶದ ಪಂಪು ಮೂರು ದಿನಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಅದರ ಬಿಡಿಭಾಗ ಹಡಗಿನಲ್ಲಿ ಬರಬೇಕು ಅಂತ ಸಾಹೇಬರು ಕೈಚೆಲ್ಲಿದರು. ಇವರು ಲಾರಿಯ ಹಳೆ ಟೈರಿನಿಂದ ವಾಷರು ಕತ್ತರಿಸಿ ಕೂರಿಸಿದರು. ಮೂರು ತಿಂಗಳು ಮುಖ ಬಾಡಿಸಿಕೊಂಡು ಕೂತಿದ್ದ ಮನುಷ್ಯ ಆವತ್ತು ಕುಸ್ತಿ ಗೆದ್ದವರ ಹಾಗೆ ಎದೆ ಸೆಟೆಸಿ ಬಂದು, "ಆ ವಾಷರು ಹಡಗು ಹತ್ತೋದೇ ಬ್ಯಾಡ," ಅಂದರು.

ಏರಿ ಎರಡು ಬದಿಯಿಂದ ಬೆಳೆದು ಬಂದು ನಡುವೆ ಒಂದು ಬಂಡಿ ಹೋಗುವಷ್ಟು ಬಾಯಿ ಉಳಿದಿತ್ತು. ಇನ್ನು ನಾಲ್ಕು ದಿನದ ಕೆಲಸ. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಆ ದಿನವೇ ಗಿರಣಿಯ ಜಾಬರ್ ಸೈಕಲ್ ತುಳಿದುಕೊಂಡು ಕೆರೆಯವರೆಗೆ ಬಂದ. ಬೆವರು ಒರೆಸಿಕೊಂಡು, "ಅಕ್ಕಾ, ಗಿರಣಿ ಶುರು ಆಗ್ತೈತೆ. ಒಂದೇ ಪಾಳಿ. ರೀಲಿಂಗ್ ಖಾತೆ ಖಾಯಂ ಇರೋರೆಲ್ಲ ನಾಳೆ ಬೆಳಗ್ಗೆ ಹಾಜರಿರಬೇಕು," ಅಂದ.

ಬುಟ್ಟಿಗಳು ಅಲ್ಲಲ್ಲೇ ನಿಂತವು. ಎಂಟು ತಿಂಗಳಿಂದ ಈ ಮಾತಿಗೆ ಕಾದಿದ್ದೆವು. ಬಂದದ್ದು ಮಾತ್ರ ಇಂಥ ಹೊತ್ತಿನಲ್ಲಿ. ನಲವತ್ತು ಹೆಂಗಸರು ಹೋದರೆ ಏರಿಯ ಬಾಯಿ ಮುಚ್ಚುವುದಿಲ್ಲ. ಮಳೆ ಬಂದರೆ ಆ ಬಾಯಿಯಿಂದ ನೀರು ನುಗ್ಗಿ ಕಟ್ಟಿದ್ದನ್ನೂ ಕೊಚ್ಚಿಕೊಂಡು ಹೋಗುತ್ತದೆ.

ಅತ್ತೆ ಮೋಡ ನೋಡಿದರು, ಏರಿ ನೋಡಿದರು, ಜಾಬರನನ್ನು ನೋಡಿದರು.

"ಬದಲಿ ನಡೀತೈತೇನು?"

"ನಾಲ್ಕು ದಿನ ಅಂದ್ರೆ ನಡೀತೈತೆ. ಐದನೇ ದಿನ ನೀನು ಕಾಣ್ಲಿಲ್ಲ ಅಂದ್ರೆ ಜಾಗ ಉಳಿಸೋದು ನನ್ನ ಕೈಲಿಲ್ಲ ಅಕ್ಕಾ."

"ನಾಲ್ಕೇ ಕೇಳಿದ್ದು ನಾನು. ಬದಲಿ ಪಟ್ಟಿಯಾಗ ಇರೋ ಹುಡುಗೀರನ್ನೆಲ್ಲ ನಾಳೆ ಕೂರಿಸ್ಕೊ. ಪಾಪ, ಅವು ಗೇಟು ದಾಟಿ ವರ್ಷ ಆತು."

ಮರುದಿನ ನಲವತ್ತು ಬದಲಿ ಹೆಂಗಸರು ತಲೆ ಬಾಚಿ ಹೂ ಮುಡಿದು ಗಿರಣಿ ಗೇಟು ದಾಟಿದರು. ನಾವು ನಲವತ್ತು ಜನ ಸೀರೆ ಎತ್ತಿ ಕಟ್ಟಿ ಲಾರಿ ಹತ್ತಿದೆವು. ನಸುಕಿನಲ್ಲಿ ಎಷ್ಟೋ ತಿಂಗಳ ಮೇಲೆ ಸೈರನ್ ಕೂಗಿತು. ಲಾರಿಯಲ್ಲಿ ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ, "ಕೂಗಲಿ ಬಿಡ್ರೇ. ನಮಗೆ ನಮ್ಮ ಕಂಬಿ ಐತೆ," ಅಂದರು.

ಆ ನಾಲ್ಕು ದಿನ ಪಾಳಿ ಗೀಳಿ ಏನೂ ಉಳಿಯಲಿಲ್ಲ. ಸಾಹೇಬರೂ ಪ್ಯಾಂಟು ಮಡಿಸಿ ಸಾಲಿನಲ್ಲಿ ನಿಂತರು. ನಾಲ್ಕನೆ ದಿನ ಮಧ್ಯಾಹ್ನ ಮೂರಕ್ಕೆ ಕೊನೆಯ ಬುಟ್ಟಿ ಬಿತ್ತು. ಮಣ್ಣು ಗಟ್ಟಿಯಾಗಲಿ ಅಂತ ಏರಿಯ ಉದ್ದಕ್ಕೂ ನೂರಾರು ಜನ ಕೈ ಕೈ ಹಿಡಿದು ತುಳಿದೆವು. ನಾರ್ವೆಯವನ ಒಂದು ಕೈ ಗುದ್ದಲಿ ಅಜ್ಜನ ಕೈಯಲ್ಲಿ, ಇನ್ನೊಂದು ಅತ್ತೆಯ ಕೈಯಲ್ಲಿ. ಸಂಜೆ ಮಳೆ ಬಂತು. ಬಂದ ರಭಸಕ್ಕೆ ಡೇರೆಗಳು ಹಾರಿದವು. ಯಾರೂ ಲಾರಿ ಹತ್ತಲಿಲ್ಲ. ಏರಿಯ ಮೇಲೆ ಗೋಣಿ ಹೊದ್ದು ನಿಂತು ನೋಡುತ್ತಿದ್ದೆವು. ಕೆಂಪು ನೀರು ಬಂದು ಏರಿಗೆ ಮೂತಿ ಹಚ್ಚಿತು, ಏರಿತು, ಏರಿತು, ಅಲ್ಲೇ ನಿಂತಿತು. ಏರಿ ಅಲುಗಲಿಲ್ಲ. ಎಷ್ಟೋ ವರ್ಷದಿಂದ ಬರಿ ಗುಂಡಿಯಾಗಿದ್ದದ್ದು ನಮ್ಮ ಕಣ್ಣೆದುರಿಗೆ ಕೆರೆಯಾಯಿತು.

ಅಜ್ಜ ಮಳೆಯಲ್ಲೇ ಕೂಗಿ ಹೇಳಿದ: "ಒಂದು ಗಂಟೂ ಬಿದ್ದಿಲ್ಲ ಕಣವ್ವಾ."

ಐದನೆಯ ದಿನ ನಲವತ್ತು ಜನರೂ ಗಿರಣಿಗೆ ಹೋದೆವು. ಒಂದು ಜಾಗವೂ ಹೋಗಲಿಲ್ಲ. ಕೆರೆ ನಿಂತ ಸುದ್ದಿ ಕೇಳಿ ಮೇಲಿನವರು ಇನ್ನೊಂದು ಕೆರೆಗೆ ಮಂಜೂರಾತಿ ಕೊಟ್ಟರು. ಗಿರಣಿಯಲ್ಲಿ ಜಾಗ ಸಿಗದ ಬದಲಿಯವರು ಅಲ್ಲಿಗೆ ಲಾರಿ ಹತ್ತಿದರು, ಎರಡು ಸಾಲು, ಕಂಬಿ ತುಂಡು ಎಲ್ಲ ಸಮೇತ.

ಇನ್ನು ಮುಯ್ಯಿಯ ಮಾತು. ನಾರ್ವೆಯವನು ಹೊರಡುವ ದಿನ ಅತ್ತೆ ಹುಲ್ಲಿನ ದಿನ ಯಾವತ್ತು ಅಂತ ಕೇಳಿದರು. ಜುಲೈ ಕೊನೆಯ ವಾರ ಅಂದ. ಅಂದರೆ ನಮ್ಮ ಆಷಾಢ. ಆ ಸಂಜೆಯೇ ಹನ್ನೆರಡು ಜನರ ಆಯ್ಕೆಯಾಯಿತು. ನಾನೂ ಒಬ್ಬಳು. ಯಾರ ಎಮ್ಮೆ ಯಾರು ಕರೆಯಬೇಕು, ಯಾರ ಮಗು ಯಾರ ಮನೆಯಲ್ಲಿರಬೇಕು ಅಂತೆಲ್ಲ ಗೊತ್ತಾಯಿತು. ಗೋಧಿ ಚೀಲದ ಬಟ್ಟೆಯಲ್ಲಿ ಹನ್ನೆರಡು ದಪ್ಪ ರವಿಕೆ ಹೊಲಿದೆವು, ಅಲ್ಲಿ ಚಳಿ ಅಂತ. ಒಬ್ಬಳಂತೂ ದಾರಿಗೆ ಅಂತ ರೊಟ್ಟಿ ಒಣಗಿಸಿ, ಶೇಂಗಾ ಚಟ್ನಿ ಕುಟ್ಟಿ ಇಟ್ಟಳು. ಅತ್ತೆ ಸಾಹೇಬರ ಆಫೀಸಿಗೆ ಹೋಗಿ, "ನಮ್ಮನ್ನ ಯಾವತ್ತು ಕಳಿಸ್ತೀರಿ?" ಅಂತ ಕೇಳಿದರು.

ಸಾಹೇಬರು ಒಳ್ಳೆಯವರು. ಆದರೂ ನಗು ತಡೆಯಲಾಗಲಿಲ್ಲ ಅವರಿಗೆ. ವಿಮಾನ, ಪಾಸ್‌ಪೋರ್ಟು, ವೀಸಾ ಅಂತ ಎಲ್ಲ ಬಿಡಿಸಿ ಹೇಳಿದರು.

ಅತ್ತೆ ಮನೆಗೆ ಬಂದು ಕಂಬಕ್ಕೆ ಒರಗಿ ಕೂತರು. ಯಜಮಾನರು ಸಮಾಧಾನ ಹೇಳಲು ಹೋದರು. "ಅವ್ವಾ, ಅವನೇನು ನಿಜವಾಗ್ಲೂ ಕಾಯ್ತಾ ಕೂತಿರಂಗಿಲ್ಲ."

"ಮಾತು ಕೊಟ್ಟಾಗ ನೀನೂ ಇದೇ ಕಟ್ಟೆ ಮೇಲೆ ಇದ್ದಿ. ಆಗ ಬಾಯಿ ಎಲ್ಲಿ ಇಟ್ಟಿದ್ದಿ?"

ಎರಡು ದಿನ ಅತ್ತೆ ಗಿರಣಿಗೆ ಹೋದರು, ಬಂದರು, ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರು. ಆ ಮಂಡಕ್ಕಿ ದಿನಗಳು ಮತ್ತೆ ಬಂದವೇನೋ ಅಂತ ನನಗೆ ಹೆದರಿಕೆಯಾಯಿತು. ಮೂರನೆ ದಿನ ಪಾಳಿ ಮುಗಿಸಿ ಬಂದವರು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ, "ಏ ಹುಡುಗಿ, ಮೇಷ್ಟ್ರನ್ನ ಕರಿ," ಅಂದರು. ಮೇಷ್ಟ್ರು ಕೊಡೆ ಸಮೇತ ಬಂದರು.

"ಕಾಗದ ಬರೀರಿ ಅವನಿಗೆ. ನಾವು ಬರಂಗಿಲ್ಲ, ನಮ್ಮ ಬದಲಿ ಬರ್ತಾವೆ ಅಂತ ಬರೀರಿ."

"ಯಾರಮ್ಮಾ ಬದಲಿ?"

"ಅಲ್ಲೇ ಯಾರಾದ್ರೂ ಕೆಲಸ ಇಲ್ದೆ ಕೂತಿರ್ತಾರೆ. ಹನ್ನೆರಡು ಜನ ನಮ್ಮ ಜಾಗಕ್ಕೆ ನಿಂದ್ರಲಿ. ಅವರು ಅಲ್ಲಿ ಹುಲ್ಲು ಹಾಕೋ ದಿನ, ಇಲ್ಲಿ ನಾವು ಹನ್ನೆರಡು ಜನ ಯಾರಿಗಾದ್ರೂ ಒಂದು ದಿನ ಆಳು ಹೋಗ್ತೀವಿ. ಅವರ ಜಾಗಕ್ಕೆ ನಾವು, ನಮ್ಮ ಜಾಗಕ್ಕೆ ಅವರು. ಹನ್ನೆರಡೂ ಹೆಸರು ಬರೀರಿ, ಬಿಡಬ್ಯಾಡ್ರಿ."

ಮೇಷ್ಟ್ರು ಪೆನ್ನು ಹಿಡಿದು ಕೂತು ಮೂರು ಪುಟ ಬರೆದರು. ಇಷ್ಟು ಒಳ್ಳೆ ಇಂಗ್ಲಿಷ್ ನಾನು ಹಿಂದೆ ಬರೆದಿರಲಿಲ್ಲ ಅಂತ ಹೋಗುವಾಗ ನನ್ನ ಹತ್ತಿರ ಹೇಳಿದರು.

ಜುಲೈ ಕೊನೆಯ ಭಾನುವಾರ ನಾವು ಹನ್ನೆರಡು ಹೆಂಗಸರು ಹರಿಹರದ ರೈಲು ಹತ್ತಿದೆವು, ಅದೇ ಗೋಧಿ ಚೀಲದ ರವಿಕೆ ತೊಟ್ಟು. ಯಜಮಾನರೂ ಅವರ ಜೊತೆಯವರು ನಾಲ್ಕು ಜನರೂ ಸೇರಿ ಅಲ್ಲಿ ಪಂಪು ರಿಪೇರಿ ಶೆಡ್ಡು ಹಾಕುತ್ತಿದ್ದರು. ಅದಕ್ಕೇ ಮಣ್ಣು ಹೊರಬಾರದೇ ಅಂತ ಅವರು ಕೇಳಿದ್ದಕ್ಕೆ ಅತ್ತೆ, "ಮನೆ ಕೆಲಸ ಮಾಡಿ ಮುಯ್ಯಿ ತೀರಸಿದೆ ಅಂದ್ರೆ ದೇವರು ನಗ್ತಾನೆ," ಅಂದಿದ್ದರು. ಗೊತ್ತಿಲ್ಲದವರೇ ಆಗಬೇಕು. ಸ್ಟೇಷನ್ನಿನಿಂದ ಹೊಳೆ ಕಡೆಗೆ ನಡೆದೆವು. ಒಂದು ಗದ್ದೆಯಲ್ಲಿ ಒಬ್ಬಳೇ ಹೆಂಗಸು ಭತ್ತದ ಸಸಿ ನಾಟಿ ಮಾಡುತ್ತಿದ್ದಳು. ಗಂಡ ಕಾರ್ಖಾನೆಯಲ್ಲಿ ಲೇಆಫ್ ಆದ ಮೇಲೆ ಬೇರೆಯವರ ಮನೆ ಕಟ್ಟಲು ಹೋಗಿ ಬಿದ್ದು ಕಾಲು ಮುರಿದುಕೊಂಡಿದ್ದನಂತೆ. ಸಸಿ ಬಲಿತು ಹೋಗುತ್ತಿದೆ, ಆಳಿಗೆ ಕೂಲಿ ಕೊಡಲು ಇಲ್ಲ.

ಅತ್ತೆ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದೇ ಬಿಟ್ಟರು. ಹಿಂದೆ ನಾವು. ಆ ಹೆಂಗಸು ಗಾಬರಿಯಾಗಿ ಸಸಿಯ ಕಟ್ಟು ಎದೆಗೆ ಅವುಚಿಕೊಂಡಳು.

"ಯಾರ ಕಡೆಯೋರು ನೀವು? ನಾನು ಯಾರನ್ನೂ ಕರೆದಿಲ್ಲ."

"ಸಮುದ್ರದಾಚೆ ಒಬ್ಬ ರೈತ ಇದಾನವ್ವ. ಅವನ ಹುಲ್ಲಿನ ಮುಯ್ಯಿಗೆ ಬಂದೀವಿ. ನೀನು ಹೆದರಬ್ಯಾಡ. ಸಸಿ ಎಷ್ಟು ಗೇಣಿಗೆ ಒಂದು ನೆಡಬೇಕು, ಅಷ್ಟು ಹೇಳು ಸಾಕು."

ಅವಳಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ, ಗೇಣು ಮಾತ್ರ ಹೇಳಿದಳು. ಸಂಜೆಯ ಹೊತ್ತಿಗೆ ಗದ್ದೆ ಹಸುರು ಗೆರೆ ಎಳೆದ ಹಾಗೆ ತುಂಬಿತು. ಮಧ್ಯಾಹ್ನ ಅವಳು ಮಜ್ಜಿಗೆ ಅನ್ನ ಕೊಟ್ಟಳು, ಬದುವಿನ ಮೇಲೆ ಕೂತು ಉಂಡೆವು. ವಾಪಸ್ ರೈಲಿನಲ್ಲಿ ಅತ್ತೆ ಕಿಟಕಿಗೆ ತಲೆ ಕೊಟ್ಟು ಗೊರಕೆ ಹೊಡೆದರು. ಅಷ್ಟು ನೆಮ್ಮದಿಯಾಗಿ ಅವರು ಮಲಗಿದ್ದನ್ನು ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ.

ದೀಪಾವಳಿ ಮುಗಿದು ನಾಲ್ಕು ದಿನಕ್ಕೆ ನಾರ್ವೆಯಿಂದ ಕಾಗದ ಬಂತು. ಕಟ್ಟೆ ಮೇಲೆ ಮತ್ತೆ ನಾವು ಸೇರಿದೆವು, ಈ ಸಲ ನಾಲ್ಕೇ ಜನ. ಮೇಷ್ಟ್ರು ಓದಿ ಹೇಳಿದರು. ಅವರ ಪಕ್ಕದ ಪೇಟೆಯಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದು ಮುಚ್ಚಿತ್ತಂತೆ. ಅವನು ಅಲ್ಲಿಗೆ ಹೋಗಿ, ಕೆಲಸ ಹೋದವರ ಮುಂದೆ ನಮ್ಮ ಕಾಗದ ಓದಿದನಂತೆ. ಓದಿ ಮುಗಿಸುವ ಮುಂಚೆಯೇ ಜನ ಎದ್ದು ನಿಂತರಂತೆ, ಒಬ್ಬೊಬ್ಬರು ನಮ್ಮಲ್ಲಿ ಒಬ್ಬೊಬ್ಬಳ ಹೆಸರು ಆರಿಸಿಕೊಂಡರಂತೆ. ಅವನ ಅಪ್ಪ ಆವತ್ತಿನ ಊಟಕ್ಕಷ್ಟೇ ನಿಲ್ಲಿಸದೆ, ಚಳಿಗಾಲ ಮುಗಿಯುವವರೆಗೂ ಅವರ ಮನೆಗಳಿಗೆ ಹಾಲು ಕಳಿಸುತ್ತಾನಂತೆ. ವೀಳ್ಯದ ಎಲೆ ಒಣಗಿ ಪುಡಿಯಾಗಿದೆ, ಆದರೂ ಇಟ್ಟುಕೊಂಡಿದ್ದೇನೆ ಅಂತ ಕೊನೆಗೆ ಬರೆದಿದ್ದ.

"ಮೀನಿನೋರು ಹುಲ್ಲು ಹೆಂಗ ಒಣಗಿಸಿದ್ರೋ," ಅಂದರು ಯಜಮಾನರು.

"ನೂಲಿನೋರು ಮಣ್ಣು ಹೊತ್ತಂಗೆ," ಅಂದರು ಅತ್ತೆ.

ಕಾಗದದ ಜೊತೆ ಒಂದು ಫೋಟೊ ಇತ್ತು. ಸಾಲು ತಂತಿಯ ಮೇಲೆ ಹುಲ್ಲು, ನಮ್ಮ ಖಾತೆಯ ಲಡಿಗಳ ಹಾಗೇ. ಅದರ ಮುಂದೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ಟೊಪ್ಪಿಗೆಯ ಗಂಡಸರು. ದೂರದಲ್ಲಿ ಮನೆ ಬಾಗಿಲ ಹತ್ತಿರ ಅವನೂ ಅವನ ಅಪ್ಪನೂ. ಅತ್ತೆ ಫೋಟೊವನ್ನು ಬೆಳಕಿಗೆ ಹಿಡಿದು, ಮುಂದೆ ನಿಂತವರನ್ನು ಬೆರಳಿಟ್ಟು ಎಣಿಸಿದರು. ಇನ್ನೊಂದು ಸಲ ಎಣಿಸಿದರು. ನನ್ನ ಕೈಲೂ ಎಣಿಕೆ ಮಾಡಿಸಿದರು.

"ಹದಿಮೂರು ಐತೆ," ಅಂದರು.

ಮಾರನೆ ದಿನ ಭಾನುವಾರ. ಹರಿಹರದ ಕಡೆ ಭತ್ತದ ಕೊಯ್ಲು ಶುರುವಾಗಿತ್ತು. ಅತ್ತೆ ನಸುಕಿಗೇ ಎದ್ದು, ಗೋಧಿ ಚೀಲದ ರವಿಕೆ ತೊಟ್ಟು, ಕುಡುಗೋಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಒಬ್ಬರೇ ರೈಲು ಹತ್ತಿದರು.